ನೀರಿನ ಮೇಲ್ಮೈಯನ್ನು ಕಂಪ್ಯೂಟರಿನಲ್ಲಿ ಕಟ್ಟುವುದು: ಅಣು ಸಿಮ್ಯುಲೇಶನ್ ಟಿಪ್ಪಣಿ

ಆಟಿ ತಿಂಗಳ ಮಳೆಗೆ ಕೆಸುವಿನ ಎಲೆಯ ಮೇಲೆ ನೀರು ಮಣಿಯಾಗಿ ಉರುಳುವುದನ್ನು ಕಾಸರಗೋಡಿನ ಕಡೆಯವರಿಗೆ ವಿವರಿಸಬೇಕಿಲ್ಲ. ಅಡಿಕೆಗೆ ಮದ್ದು ಬಿಡುವವರಿಗೆ ಇದೇ ಗುಣ ತೊಂದರೆ ಕೊಡುತ್ತದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಎಷ್ಟು ಚೆನ್ನಾಗಿ ಮಾಡಿದರೂ ಎಳೆಕಾಯಿಯ ನುಣುಪು ಮೈಮೇಲೆ ಅದು ಹರಡಿ ನಿಲ್ಲಬೇಕು. ಅದಕ್ಕಾಗಿಯೇ ರಾಳದ ಅಂಟು ಸೇರಿಸುವುದು. ಹನಿ ನಿಲ್ಲುತ್ತದೋ ಜಾರುತ್ತದೋ ಎಂಬುದರ ಬಹುಪಾಲು ತೀರ್ಮಾನ ಕೆಲವೇ ಅಣುಗಳ ದಪ್ಪದ ಪದರದಲ್ಲಿ ಆಗುತ್ತದೆ. ಆ ಪದರವನ್ನು ಸಿಮ್ಯುಲೇಶನ್ನಿನಲ್ಲಿ, ಅಂದರೆ ಅಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕಿ, ನೋಡುವ ಕ್ರಮ ಇಲ್ಲಿದೆ. ಆಜ್ಞೆಗಳು ಗ್ರೊಮ್ಯಾಕ್ಸ್ ಎಂಬ ಸಿಮ್ಯುಲೇಶನ್ ಪ್ರೋಗ್ರಾಮಿನವು, ತತ್ತ್ವ ಎಲ್ಲ ಪ್ಯಾಕೇಜಿಗೂ ಒಂದೇ.

ಮೊದಲು ಪ್ರತಿ ಬದಿಯೂ 4 ನ್ಯಾನೋಮೀಟರ್ ಇರುವ ಘನದಲ್ಲಿ ನೀರು ತುಂಬಿ. ಕೋಣೆಯ ಉಷ್ಣತೆಯಲ್ಲಿ ಒಂದು ಘನ ನ್ಯಾನೋಮೀಟರಿಗೆ 33.4 ಅಣು ಹಿಡಿಯುತ್ತದೆ, ಅಂದರೆ ಒಟ್ಟು ಸುಮಾರು 2140. ಶಕ್ತಿ ಕನಿಷ್ಠಗೊಳಿಸಿ (ಅಣುಗಳು ಒಂದರ ಮೇಲೊಂದು ಬಿದ್ದಿದ್ದರೆ ಸರಿಸಿ), 300 ಕೆಲ್ವಿನ್‌ನಲ್ಲಿ 2 ಫೆಮ್ಟೊಸೆಕೆಂಡಿನ ಹೆಜ್ಜೆಯಲ್ಲಿ ಓಡಿಸಿ ಹದಕ್ಕೆ ತನ್ನಿ. ಆಮೇಲೆ ಎಡಿಟ್‌ಕಾನ್ಫ್ ಎಂಬ ಆಜ್ಞೆ ಬಳಸಿ ಝಡ್ ದಿಕ್ಕಿನಲ್ಲಿ ಮಾತ್ರ ಪೆಟ್ಟಿಗೆಯನ್ನು 12 ನ್ಯಾನೋಮೀಟರಿಗೆ ಹಿಗ್ಗಿಸಿ, ನೀರನ್ನು ನಡುವಿಗೆ ತನ್ನಿ. ಈಗ ನಡುವೆ ನೀರಿನ ಚಪ್ಪಡಿ, ಮೇಲೂ ಕೆಳಗೂ ನಿರ್ವಾತ, ಮೇಲ್ಮೈಗಳು ಎರಡು.

ಹೆಚ್ಚಿನವರು ಎಡವುವುದು ಇಲ್ಲೇ. ತುಂಬಿದ ನೀರಿಗೆ ಬಳಸಿದ ಸೆಟ್ಟಿಂಗ್ ಫೈಲನ್ನೇ ಚಪ್ಪಡಿಗೂ ಹಾಕುತ್ತಾರೆ. ಅದರಲ್ಲಿ ಒತ್ತಡ ನಿಯಂತ್ರಣ ಚಾಲೂ ಇದ್ದರೆ ಪೆಟ್ಟಿಗೆ ಕುಗ್ಗುತ್ತ ಹೋಗಿ ನಿರ್ವಾತ ಮುಚ್ಚಿ, ಮತ್ತೆ ತುಂಬಿದ ನೀರೇ ಉಳಿಯುತ್ತದೆ. ಪ್ರೋಗ್ರಾಂ ಇದನ್ನು ತಪ್ಪೆಂದು ಹೇಳುವುದಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ತಪ್ಪೇ ಇಲ್ಲ. ಮೇಲ್ಮೈ ಬೇಕಾದರೆ ಗಾತ್ರ ಸ್ಥಿರ, ಉಷ್ಣತೆ ಸ್ಥಿರ. ಉಷ್ಣತೆ ಸ್ಥಿರವಾಗಿಡಲು ನೋಸ್-ಹೂವರ್ ಅಥವಾ ವೆಲಾಸಿಟಿ ರೀಸ್ಕೇಲ್ ಎಂಬ ಕ್ರಮ ಬಳಸಿ.

ಎರಡನೆಯ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಅಣುಗಳ ನಡುವಿನ ಬಲವನ್ನು ಒಂದು ದೂರದವರೆಗೆ ಮಾತ್ರ ನೇರವಾಗಿ ಲೆಕ್ಕ ಹಾಕುತ್ತಾರೆ, ಆ ದೂರವೇ ಕಟ್‌ಆಫ್. ಕಟ್‌ಆಫಿನ ಆಚೆಯ ಆಕರ್ಷಣೆಗೆ ಕೊಡುವ ಸಾಮಾನ್ಯ ತಿದ್ದುಪಡಿ, ಸುತ್ತಲೂ ಒಂದೇ ಸಮ ನೀರಿದೆ ಎಂದು ಊಹಿಸಿಕೊಳ್ಳುತ್ತದೆ. ಮೇಲ್ಮೈಯ ಅಣುವಿಗೆ ಒಂದು ಕಡೆ ನೀರು, ಇನ್ನೊಂದು ಕಡೆ ಏನೂ ಇಲ್ಲ. ಹಾಗಾಗಿ ಆ ತಿದ್ದುಪಡಿಯನ್ನು ತೆಗೆದುಹಾಕಿ, ಲೆನಾರ್ಡ್-ಜೋನ್ಸ್ ಬಲಕ್ಕೂ (ವಿದ್ಯುದಂಶದ್ದಲ್ಲದ ಸೆಳೆತ-ತಳ್ಳಾಟ) ಪಿಎಂಇ (ದೂರದ ಬಲವನ್ನೂ ಕಡಿಯದೆ ಕೂಡಿಸುವ ವಿಧಾನ) ಹಾಕಿ. ಅದು ಸಾಧ್ಯವಾಗದಿದ್ದರೆ ಕಟ್‌ಆಫನ್ನು 1.4 ನ್ಯಾನೋಮೀಟರಿನವರೆಗಾದರೂ ಏರಿಸಿ, 0.9ರಲ್ಲಿ ನಿಲ್ಲಿಸಿದರೆ ಮೇಲ್ಮೈ ಎಳೆತ (ಸರ್ಫೇಸ್ ಟೆನ್ಷನ್, ನೀರನ್ನು ಮಣಿಯಾಗಿಸುವ ಮೇಲ್ಮೈಯ ಬಿಗಿತ) ಕಡಿಮೆ ಬರುತ್ತದೆ. ಕಟ್‌ಆಫ್ ಪೆಟ್ಟಿಗೆಯ ಸಣ್ಣ ಬದಿಯ ಅರ್ಧವನ್ನು, ಇಲ್ಲಿ 2 ನ್ಯಾನೋಮೀಟರನ್ನು, ಮೀರಕೂಡದು.

ಮೇಲ್ಮೈ ಎಳೆತ ಸಿಗುವುದು ಒತ್ತಡದ ವ್ಯತ್ಯಾಸದಿಂದ. ಚಪ್ಪಡಿಗೆ ಲಂಬವಾದ ಒತ್ತಡದಿಂದ ಅಡ್ಡ ದಿಕ್ಕುಗಳ ಒತ್ತಡದ ಸರಾಸರಿಯನ್ನು ಕಳೆದು, ಪೆಟ್ಟಿಗೆಯ ಝಡ್ ಉದ್ದದಿಂದ ಗುಣಿಸಿ, ಎರಡರಿಂದ ಭಾಗಿಸಬೇಕು. ಮೇಲ್ಮೈ ಎರಡಿರುವುದರಿಂದ ಆ ಭಾಗಾಕಾರ. ಗ್ರೊಮ್ಯಾಕ್ಸ್ ಉತ್ತರ ಕೊಡುವುದು ಬಾರ್-ನ್ಯಾನೋಮೀಟರಿನಲ್ಲಿ, ಅದೂ ಎರಡೂ ಮೇಲ್ಮೈ ಸೇರಿಸಿ. 1440 ಎಂದು ಬಂದರೆ ಹತ್ತರಿಂದ ಭಾಗಿಸಿ 144, ಮತ್ತೆ ಎರಡರಿಂದ ಭಾಗಿಸಿ 72 ಮಿಲಿನ್ಯೂಟನ್ ಪ್ರತಿ ಮೀಟರಿಗೆ. 25 ಡಿಗ್ರಿಯ ನಿಜವಾದ ನೀರಿನ ಬೆಲೆ ಅದೇ.

ಈ 72ನ್ನು ಹಿಂದಕ್ಕೆ ಲೆಕ್ಕ ಹಾಕಿ ನೋಡಿ: 12 ನ್ಯಾನೋಮೀಟರಿನ ಪೆಟ್ಟಿಗೆಯಲ್ಲಿ ನಾವು ಹುಡುಕುತ್ತಿರುವ ವ್ಯತ್ಯಾಸ 120 ಬಾರ್. ಒತ್ತಡದ ಕ್ಷಣಕ್ಷಣದ ಏರಿಳಿತವೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ನೂರು ಪಿಕೋಸೆಕೆಂಡ್ ಓಡಿಸಿ ಬರೆದಿಟ್ಟ ಸಂಖ್ಯೆಯನ್ನು ನಂಬಲಾಗದು. ಮೊದಲ ಒಂದು ನ್ಯಾನೋಸೆಕೆಂಡ್ ಬಿಟ್ಟು, ಮುಂದಿನ ಹತ್ತನ್ನು ಐದು ತುಂಡು ಮಾಡಿ, ಒಂದೊಂದರ ಸರಾಸರಿ ತೆಗೆಯಿರಿ. ಆ ಐದು ಸಂಖ್ಯೆಗಳ ನಡುವಿನ ಅಂತರದಿಂದ ನಿಮ್ಮ ಅನಿಶ್ಚಿತತೆ ತಿಳಿಯುತ್ತದೆ.

ನೀರಿನ ಅಣುವನ್ನು ಪ್ರೋಗ್ರಾಮಿಗೆ ವಿವರಿಸುವ ಮಾದರಿಯ ಮಿತಿಯೂ ತಿಳಿದಿರಲಿ. 72ರ ಬದಲು ಟಿಪ್3ಪಿ ನೀರು 50ರ ಆಸುಪಾಸು ಕೊಡುತ್ತದೆ, ಎಸ್‌ಪಿಸಿ/ಇ 60ರ ಆಸುಪಾಸು, ಟಿಪ್4ಪಿ/2005 ಸುಮಾರು 70. ಮೇಲ್ಮೈ ಕೆಲಸಕ್ಕೆ ಮೂರನೆಯದನ್ನೇ ಹಿಡಿಯುವುದು ಮೇಲು.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. 300 ಕೆಲ್ವಿನ್‌ನಲ್ಲಿ ನೀರಿನ ಆವಿ ಒತ್ತಡ ಸುಮಾರು 3.5 ಕಿಲೋಪಾಸ್ಕಲ್, ನಮ್ಮ ನಿರ್ವಾತದ ಗಾತ್ರ 128 ಘನ ನ್ಯಾನೋಮೀಟರ್. ಲೆಕ್ಕ ಹಾಕಿದರೆ ಅಲ್ಲಿ ಸರಾಸರಿ 0.1 ಅಣು ಇರಬೇಕು, ಅಂದರೆ ಉಳಿಸಿಟ್ಟ ಹತ್ತು ಫ್ರೇಮಿಗೆ (ಕ್ಷಣಚಿತ್ರಕ್ಕೆ) ಒಂದರಲ್ಲಿ ಒಂದು ಅಣು. ಪ್ರತಿ ಫ್ರೇಮಿನಲ್ಲೂ ಐದಾರು ತೇಲುತ್ತಿದ್ದರೆ ಉಷ್ಣತೆ ನಿಯಂತ್ರಣವನ್ನು ಮೊದಲು ನೋಡಿ. ಸಾಂದ್ರತೆಯ ನಕ್ಷೆಯಲ್ಲಿ ಅಂಚು ತೀರಾ ಮಸುಕಾಗಿದ್ದರೆ ಚಪ್ಪಡಿಯೇ ಮೇಲೆ ಕೆಳಗೆ ಸರಿದಿರುತ್ತದೆ; ಪ್ರತಿ ಫ್ರೇಮನ್ನೂ ನಡುವಿಗೆ ತಂದು ನಕ್ಷೆ ತೆಗೆಯಿರಿ.

ಇನ್ನು ಎಲೆ, ಕಾಯಿಗಳ ಮೈಯಂಥ ಮೇಣದ ಮೇಲಿನ ಹನಿ, ಮತ್ತು ಅದರ ಅಂಚು ಮೇಣದೊಂದಿಗೆ ಮಾಡುವ ಕೋನ. 2000 ಅಣುಗಳ ಹನಿಯ ವ್ಯಾಸ ಐದೇ ನ್ಯಾನೋಮೀಟರ್. ಅಷ್ಟು ಸಣ್ಣ ಹನಿಯಲ್ಲಿ ಮೇಣ ಮುಟ್ಟುವ ಅಂಚಿನ ಬಾಗು ಈ ಕೋನವನ್ನು ಬದಲಿಸುತ್ತದೆ, ಆದ್ದರಿಂದ ಆ ಕೋನವನ್ನು ತೋಟದ ಹನಿಗೆ ನೇರವಾಗಿ ಹೊಂದಿಸಲಾಗದು. ಗೋಲದ ಬದಲು ವೈ ದಿಕ್ಕಿನಲ್ಲಿ ಪೆಟ್ಟಿಗೆಯುದ್ದಕ್ಕೂ ಮಲಗಿದ ನೀರಿನ ಅರೆಗೊಳವೆಯನ್ನು ಇಟ್ಟರೆ ಅಂಚು ನೇರವಾಗಿರುತ್ತದೆ. ಅದು ಅತಿ ಉದ್ದವಾದರೆ ತುಂಡಾಗಿ ಹನಿಯಾಗುತ್ತದೆ. ಕೋನ ಅಳೆಯಲು ಸಾಂದ್ರತೆ ಅರ್ಧಕ್ಕಿಳಿಯುವ ಬಿಂದುಗಳ ಮೇಲೆ ವೃತ್ತ ಕೂಡಿಸಿ, ಆದರೆ ಗೋಡೆಯಿಂದ (ಮೇಣದ ಮೈಯಿಂದ) 0.8 ನ್ಯಾನೋಮೀಟರಿನ ಒಳಗಿನ ಬಿಂದುಗಳನ್ನು ಬಿಡಿ. ಅಲ್ಲಿ ನೀರು ಪದರಪದರವಾಗಿ ಕೂತಿರುವುದರಿಂದ ಅಂಚು ವೃತ್ತದ ಮೇಲೆ ಬೀಳುವುದಿಲ್ಲ. ಆ ವೃತ್ತವನ್ನು ಗೋಡೆಯವರೆಗೆ ಇಳಿಸಿ, ಅದು ಮುಟ್ಟುವಲ್ಲಿ ಸ್ಪರ್ಶರೇಖೆ ಎಳೆದು ಕೋನ ಓದಿಕೊಳ್ಳಿ.