ಪಾರ್ಕ್ ಆಸ್ಪತ್ರೆ: ಎನ್‌ಎಚ್‌ಎಸ್ ಶುರುವಾದ ಜಾಗ

1948ರಲ್ಲಿ ಎನ್‌ಎಚ್‌ಎಸ್ (ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ) ಬಂತು, ಬ್ರಿಟನ್ ಸರ್ಕಾರ ಊರೂರಲ್ಲಿ ಆಸ್ಪತ್ರೆ ಕಟ್ಟಿಸಿತು ಅಂತ ಉತ್ತರ ಬರೆದರೆ ಮಾರ್ಕ್ಸ್ ಹೋಯ್ತು ಅಂತಲೇ ಲೆಕ್ಕ. ಸರ್ಕಾರ ಮಾಡಿದ್ದು, ಮೊದಲೇ ಇದ್ದ ಆಸ್ಪತ್ರೆಗಳನ್ನು ತನ್ನ ಕೈಗೆ ತೆಗೆದುಕೊಂಡದ್ದು. ಇದಕ್ಕೆ ಒಳ್ಳೆಯ ಉದಾಹರಣೆ ಮ್ಯಾಂಚೆಸ್ಟರ್ ಪಕ್ಕದ ಅರ್ಮ್‌ಸ್ಟನ್ ಪಟ್ಟಣದ ಟ್ರಾಫರ್ಡ್ ಜನರಲ್. ಹಳೆಯ ಹೆಸರು ಪಾರ್ಕ್ ಆಸ್ಪತ್ರೆ.

ಇದನ್ನು ಕಟ್ಟಿಸಿದ್ದು ಬಡವರ ಕಾನೂನಿನ ಕೆಳಗೆ ಕೆಲಸ ಮಾಡುತ್ತಿದ್ದ ಒಂದು ಸ್ಥಳೀಯ ಮಂಡಳಿ. ಗತಿಯಿಲ್ಲದವರನ್ನು ವರ್ಕ್‌ಹೌಸ್‌ಗೆ (ಬಡವರಿಗೆ ಊಟ, ಜಾಗ ಕೊಟ್ಟು ಕೆಲಸ ಮಾಡಿಸುತ್ತಿದ್ದ ಮನೆ) ಸೇರಿಸುತ್ತಿದ್ದರಲ್ಲ, ಅಂಥದೇ ಮಂಡಳಿ. 1929ರಲ್ಲಿ ರಾಜಕುಮಾರಿ ಮೇರಿ ಉದ್ಘಾಟನೆ ಮಾಡಿದರು. ಮರುವರ್ಷವೇ ಇಂಥ ಮಂಡಳಿಗಳೆಲ್ಲ ರದ್ದಾಗಿ ಆಸ್ಪತ್ರೆ ಲ್ಯಾಂಕಾಶೈರ್ ಕೌಂಟಿ ಕೌನ್ಸಿಲ್ (ನಮ್ಮ ಜಿಲ್ಲಾ ಪಂಚಾಯತಿ ಥರದ ಆಡಳಿತ) ಪಾಲಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆ ಬಿಟ್ಟುಕೊಟ್ಟಿದ್ದರು.

ಎನ್‌ಎಚ್‌ಎಸ್ ಬರುವ ಮುಂಚೆ ಕಾಯಿಲೆ ಬಿದ್ದರೆ ದುಡ್ಡಿನ ಕಥೆ ಏನು? 1911ರ ವಿಮಾ ಕಾಯ್ದೆ ದುಡಿಯುವವನಿಗೆ ಡಾಕ್ಟರನ್ನು ಕೊಟ್ಟಿತ್ತು. ಹೆಂಡತಿ ಮಕ್ಕಳಿಗೆ ಇಲ್ಲ. ಆಸ್ಪತ್ರೆಗಳಲ್ಲಿ ಆಲ್ಮನರ್ ಅಂತ ಒಬ್ಬರು ಇರುತ್ತಿದ್ದರು. ಸಂಬಳ ಎಷ್ಟು, ಮನೆಯಲ್ಲಿ ಎಷ್ಟು ಜನ ಅಂತ ಕೇಳಿ, ನೀವು ಇಷ್ಟು ಕೊಡಬಹುದು ಅಂತ ಹೇಳುತ್ತಿದ್ದರು. ನೋವಿನಲ್ಲಿ ಇರುವವರಿಗೆ ಈ ವಿಚಾರಣೆ ಬೇರೆ!

1948ರ ಜುಲೈ 5. ಆರೋಗ್ಯ ಮಂತ್ರಿ ಅನೈರಿನ್ ಬೆವನ್ ಪಾರ್ಕ್ ಆಸ್ಪತ್ರೆಗೆ ಬಂದರು. ನರ್ಸುಗಳು ಸಾಲಾಗಿ ನಿಂತು ಸ್ವಾಗತ ಮಾಡಿದರು. ಕೌಂಟಿಯವರು ಸಾಂಕೇತಿಕವಾಗಿ ಕೀಲಿಕೈ ಒಪ್ಪಿಸಿದರು. ಅಲ್ಲಿ ದಾಖಲಾಗಿದ್ದ 13 ವರ್ಷದ ಹುಡುಗಿಯನ್ನು ಬೆವನ್ ಮಾತಾಡಿಸಿದರು. ಎನ್‌ಎಚ್‌ಎಸ್‌ನ ಮೊದಲ ರೋಗಿ ಅಂತ ಹೇಳುವುದು ಇವಳನ್ನೇ. ಕಟ್ಟಡ, ಮಂಚ, ಡಾಕ್ಟರು ಎಲ್ಲ ಹಿಂದಿನ ದಿನದ್ದೇ. ಖರ್ಚು ಮಾತ್ರ ತೆರಿಗೆ ಹಣದ ಮೇಲೆ ಬಿತ್ತು. ನನ್ನ ಪ್ರಕಾರ ಇಡೀ ಪಾಠದ ತಿರುಳು ಇಷ್ಟೇ.

ಎಲ್ಲವೂ ಪುಕ್ಕಟೆ ಅನ್ನುವುದು ಜಾಸ್ತಿ ದಿನ ಉಳಿಯಲಿಲ್ಲ. 1951ರಲ್ಲಿ ಕನ್ನಡಕ, ಕಟ್ಟಿಸಿದ ಹಲ್ಲಿಗೆ ದುಡ್ಡು ಕೇಳಲು ಹೊರಟಾಗ ಬೆವನ್ ರಾಜೀನಾಮೆ ಕೊಟ್ಟರು. ಔಷಧಿ ಚೀಟಿಗೆ ಒಂದು ಶಿಲ್ಲಿಂಗ್ ಬಂದದ್ದು 1952ರಲ್ಲಿ. ಈ ಎರಡು ಇಸವಿ ಅದಲು ಬದಲಾಗುತ್ತವೆ, ಹುಷಾರು.

2013ರಲ್ಲಿ ಟ್ರಾಫರ್ಡ್ ಜನರಲ್‌ನ ತುರ್ತು ವಿಭಾಗವನ್ನೇ ಕಡಿತ ಮಾಡಿದರು. ರೋಗಿಗಳು ಕಡಿಮೆ, ರಾತ್ರಿಯಂತೂ ಬೆರಳೆಣಿಕೆ ಅನ್ನುವುದು ಅಧಿಕಾರಿಗಳ ವಾದ. ಎನ್‌ಎಚ್‌ಎಸ್ ಹುಟ್ಟಿದ್ದೇ ಇಲ್ಲಿ ಅಂತ ಊರಿನವರು ಪ್ರತಿಭಟಿಸಿದರೂ ತೀರ್ಮಾನ ಬದಲಾಗಲಿಲ್ಲ. ಸಣ್ಣಪುಟ್ಟ ತುರ್ತು ಚಿಕಿತ್ಸೆ ಅಲ್ಲೇ ಉಳಿಯಿತು. ಗಂಭೀರ ಕೇಸುಗಳನ್ನು ಸಾಲ್ಫರ್ಡ್, ವಿದೆನ್‌ಶಾ ಅಥವಾ ಮ್ಯಾಂಚೆಸ್ಟರ್‌ನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು.