ಮೊಣಕೈ ಎಳೆಯಬೇಡಿ

"ಕೈ ನೀಟಾಗಿ ಚಾಚಪ್ಪ, ಇನ್ನೂ ಸ್ವಲ್ಪ."

ಹೀಗೆ ಹೇಳುವುದು ನಾನಲ್ಲ, ಹುಡುಗನ ಅಪ್ಪ. ನಾನಿನ್ನೂ ಸೂಜಿಯ ಕವರ್ ಬಿಚ್ಚಿರುವುದಿಲ್ಲ, ಅಷ್ಟರಲ್ಲಿ ಅವರು ಮಗನ ಮಣಿಕಟ್ಟು ಹಿಡಿದು ಎಳೆಯುತ್ತಿರುತ್ತಾರೆ. ಮಸ್ಕ್ಯುಲರ್ ಡಿಸ್ಟ್ರೊಫಿ, ಅಂದರೆ ಸ್ನಾಯುಗಳು ಬರಬರುತ್ತಾ ಸೊರಗುವ ಕಾಯಿಲೆ, ಇರುವ ಮಕ್ಕಳು ರಕ್ತಪರೀಕ್ಷೆಗೆ ಲ್ಯಾಬಿಗೆ ಬಂದಾಗಲೆಲ್ಲ ಇದೇ ಕಥೆ. ನಮ್ಮವರೇನೂ ಕಮ್ಮಿಯಿಲ್ಲ. ಹೊಸ ಟೆಕ್ನಿಷಿಯನ್‌ಗಳೂ ಎಳೆಯುತ್ತಾರೆ.

ಆ ಮೊಣಕೈ ಹಟಕ್ಕೆ ಮಡಚಿಕೊಂಡಿಲ್ಲ. ಸ್ನಾಯು ಸೊರಗಿ, ಗಿಡ್ಡವಾಗಿ, ಕೀಲು ಬಿಗಿದುಕೊಂಡಿದೆ. ವರ್ಷಗಟ್ಟಲೆ ಬಿಗಿದಿದ್ದು ನೀವು ಒಂದು ನಿಮಿಷ ಎಳೆದರೆ ಬಿಡುತ್ತಾ? ನೋವಾಗುತ್ತದೆ, ಅಷ್ಟೇ. ಹೆದರಿಕೆಗೆ ರಕ್ತನಾಳ ಇನ್ನಷ್ಟು ಕುಗ್ಗುತ್ತದೆ. ವರ್ಷಗಳಿಂದ ಸ್ಟೀರಾಯ್ಡ್ ತೆಗೆದುಕೊಳ್ಳುವ ಮಕ್ಕಳ ಮೂಳೆಯೂ ಗಟ್ಟಿಯಿರುವುದಿಲ್ಲ, ಬಲವಂತ ಅಪಾಯ.

ಅದಕ್ಕಿಂತ ಹೆಚ್ಚಾಗಿ, ನನಗೆ ಮೊಣಕೈ ಬೇಕೇ ಇಲ್ಲ! ರಕ್ತ ಅಲ್ಲೇ ಸಿಗಬೇಕೆಂದೇನಿಲ್ಲ. ಹಸ್ತದ ಹಿಂಭಾಗ ಇದೆ, ಮುಂಗೈ ಇದೆ. 23 ಗೇಜಿನ ಬಟರ್‌ಫ್ಲೈ ಸೂಜಿ, ಅಂದರೆ ರೆಕ್ಕೆಯಂಥ ಹಿಡಿಯಿರುವ ತೆಳು ಸೂಜಿ, ಸಾಕು. ಮಣಿಕಟ್ಟಿನ ಒಳಬದಿ ಮಾತ್ರ ಬೇಡ. ಅಲ್ಲಿ ನರ ಹತ್ತಿರ. ನಾವು ಬಾಯಿಮಾತಿಗೆ ಹೇಳುವ ನರ ಅಲ್ಲ, ನಿಜವಾದ ನರ. ಕೈ ಹೇಗಿದೆಯೋ ಹಾಗೇ ಇರಲಿ, ಕೆಳಗೊಂದು ದಿಂಬು ಕೊಡಿ. ವೀಲ್‌ಚೇರಿನಿಂದ ಎತ್ತುವುದೂ ಬೇಡ. ಸ್ಟೂಲ್ ಎಳೆದುಕೊಂಡು ನಾನೇ ಬರುತ್ತೇನೆ.

ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಐದು ನಿಮಿಷ ಇಟ್ಟರೆ ರಕ್ತನಾಳ ಉಬ್ಬುತ್ತದೆ. ಮೊದಲು ನಿಮ್ಮ ಕೈಗೆ ಇಟ್ಟು ನೋಡಿ. ಸುಟ್ಟರೆ ಈ ಮಕ್ಕಳಿಗೆ ಥಟ್ಟನೆ ಕೈ ತೆಗೆಯಲು ಆಗದಿರಬಹುದು. ಸ್ನಾಯುವಿಗೆ ಎಷ್ಟು ಹಾನಿಯಾಗಿದೆ ಎಂದು ನೋಡುವ ಸಿಪಿಕೆ ರಕ್ತಪರೀಕ್ಷೆಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಉಪವಾಸ ಹೇಳಿದ್ದರೂ ಬರೀ ನೀರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಹೃದಯದ ತೊಂದರೆಗೆಂದು ಡಾಕ್ಟರು ನೀರು ಕಮ್ಮಿ ಮಾಡಿಸಿದ್ದರೆ ಅವರ ಮಾತೇ ಕೇಳಿ. ಹಾಗೇ ಇನ್ನೊಂದು ಮಾತು: ರಿಪೋರ್ಟಿನಲ್ಲಿ ಎಸ್‌ಜಿಪಿಟಿ (ಲಿವರ್ ಪರೀಕ್ಷೆಯಲ್ಲಿ ನೋಡುವ ಕಿಣ್ವ) ಜಾಸ್ತಿ ಬಂದ ಕೂಡಲೇ ಲಿವರ್ ಹೋಯಿತೆಂದು ಅಳಬೇಡಿ. ಅದು ಸ್ನಾಯುವಿನಿಂದಲೂ ಬರುತ್ತದೆ. ಡಾಕ್ಟರ ಹತ್ತಿರ ಕೇಳಿ.

ಹದಿನಾಲ್ಕರ ಹುಡುಗನೊಬ್ಬ ಬಂದಿದ್ದ. ನಾನು ಬಲಗೈ ತಡಕುತ್ತಿದ್ದೆ. "ಅಂಕಲ್, ಎಡಗೈ. ಹಿಂದುಗಡೆ, ಕಿರುಬೆರಳಿನ ಹತ್ರ" ಅಂದ. "ಸುಮ್ನಿರೋ, ಅವರಿಗೆ ಗೊತ್ತಿಲ್ವಾ?" ಎಂದು ಅವರಮ್ಮ ಗದರಿಸಿದರು. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಅವನು ತೋರಿಸಿದಲ್ಲೇ ಚುಚ್ಚಿದೆ. ಒಂದೇ ಸಲಕ್ಕೆ ಸಿಕ್ಕಿತು.

ಆರು ತಿಂಗಳಾದ ಮೇಲೆ ಮತ್ತೆ ಬಂದ. ಈ ಸಲ ಆ ಜಾಗದಲ್ಲಿ ನೀಲಿ ಪೆನ್ನಿನ ಚುಕ್ಕೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದೆ, ಚುಕ್ಕೆ ಅಳಿಸಿಹೋಯಿತು. ಅವನು ಗಾಬರಿಯಾಗಿ ನನ್ನ ಮುಖ ನೋಡಿದ.

"ಎಲ್ಲಿ ಅಂತ ನೋಡ್ಕೊಂಡಿದ್ರಿ ಅಲ್ವಾ?"