ಬಾಯಿ ಮಾತ್ರ ಆಡುತ್ತದೆ, ಒಳಗೆ ಏನೂ ಇಲ್ಲ: ಇದೂ ಪ್ರಾರ್ಥನೆಯೇ?

ಪ್ರಶ್ನೆ: ನನ್ನ ಗಂಡನಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಮಂಗಳೂರಿಗೆ ಹೋಗಿ ಬರುತ್ತೇವೆ. ಮೊದಲೆಲ್ಲ ಜಪಸರ ಹಿಡಿದು ಕುಳಿತರೆ ಕಣ್ಣು ತುಂಬಿ ಬರುತ್ತಿತ್ತು, ಏಳುವಾಗ ಮನಸ್ಸು ಹಗುರಾಗಿರುತ್ತಿತ್ತು. ಈಗ ಒಂದೂವರೆ ವರ್ಷದಿಂದ ಬಾಯಿ ಮಾತ್ರ ಆಡುತ್ತದೆ, ಒಳಗೆ ಏನೂ ಇಲ್ಲ. ದೇವರು ನನ್ನ ಕೈಬಿಟ್ಟನೇ? ನನ್ನ ವಿಶ್ವಾಸವೇ ಬತ್ತಿಹೋಯಿತೇ?
– ಮಂಜೇಶ್ವರದ ಕಡೆಯ ಓದುಗರೊಬ್ಬರು

ಉತ್ತರ: ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಮಾತುಗಳಲ್ಲಿ ನನಗೆ ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ ಇದು. ದೇವರು ನಿಮ್ಮ ಕೈಬಿಟ್ಟಿಲ್ಲ. ವಿಶ್ವಾಸ ಬತ್ತಿಹೋದವರು ಒಂದೂವರೆ ವರ್ಷ ದಿನವೂ ಜಪಸರ ಹಿಡಿದು ಕೂರುವುದಿಲ್ಲ.

ನಿಮ್ಮ ಕಡೆಯ ಬಾಯಾರು, ಎಣ್ಮಕಜೆಯ ಗುಡ್ಡಗಳಲ್ಲಿ ನೀರಿಗಾಗಿ ಕೊರೆದ ಸುರಂಗ ನೋಡಿದ್ದೀರಲ್ಲ? ಬಾವಿಯಂತೆ ಕೆಳಕ್ಕಲ್ಲ, ಗುಡ್ಡದ ಹೊಟ್ಟೆಗೆ ಅಡ್ಡವಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟೇ ಅಗಲಕ್ಕೆ ಮುರಕಲ್ಲನ್ನು, ಅಂದರೆ ಕೆಂಪು ಜಂಬಿಟ್ಟಿಗೆಯನ್ನು, ಕೊರೆಯುತ್ತಾರೆ. ಚಿಕ್ಕವನಿದ್ದಾಗ ಅಂಥದೊಂದರೊಳಗೆ ಮೇಣದ ಬತ್ತಿ ಹಿಡಿದು ಹೋಗಿದ್ದೆ. ಬಾಯಿಯ ಹತ್ತಿರ ಗೋಡೆ ಬೆಚ್ಚಗೆ, ಒಣಗಿತ್ತು. ಪಿಕ್ಕಾಸಿನ ಏಟಿನ ಗುರುತುಗಳ ಮೇಲೆ ಕೈಯಾಡಿಸಿದರೆ ಕೆಂಪು ಧೂಳು ಅಂಟುತ್ತಿತ್ತು. ಕೋಲುಗಟ್ಟಲೆ (ಕೋಲು ಎಂದರೆ ಅಗೆತದ ಅಳತೆ) ಒಳಗೆ ಹೋದ ಮೇಲೆ ಧೂಳು ಅಂಟುವುದು ನಿಂತಿತು, ಕೈ ತಣ್ಣಗಾಯಿತು. ಇನ್ನೂ ಮುಂದೆ, ಬತ್ತಿಯ ಬೆಳಕಿನಲ್ಲಿ, ಗೋಡೆಯ ಮೇಲೊಂದು ಹನಿ. ಆ ಹನಿಯೇ ಹರಿದು, ಅಡಿಕೆ ಮರದ ದಂಬೆಯ ಕಾಲುವೆಯಲ್ಲಿ ಇಳಿದು, ತೋಟಕ್ಕೆ ಬರುತ್ತಿತ್ತು. ಅಗೆದವರು ಆ ಒಣ ಕೋಲುಗಳನ್ನೆಲ್ಲ ನೀರು ಕಾಣದೆಯೇ ಅಗೆದಿದ್ದರು. ನೀವೀಗ ಇರುವುದು ಆ ಒಣ ಕೋಲುಗಳಲ್ಲಿ ಎಂದು ನನಗೆ ಅನಿಸುತ್ತದೆ.

ಸ್ಪೇನ್ ದೇಶದ ಆವಿಲದ ಸಂತ ತೆರೇಸಾ (1515–1582) ಪ್ರಾರ್ಥನೆಯ ಬೆಳವಣಿಗೆಯನ್ನು ತೋಟಕ್ಕೆ ನೀರುಣಿಸುವ ಕೆಲಸಕ್ಕೇ ಹೋಲಿಸಿದ್ದಾಳೆ. ಮೊದಲು ಬಾವಿಯಿಂದ ಕೊಡಪಾನದಲ್ಲಿ ಸೇದುವುದು; ರಟ್ಟೆ ನೋಯುವ ಕೆಲಸ. ಆಮೇಲೆ ನೀರೆತ್ತುವ ರಾಟೆ, ಶ್ರಮ ಸ್ವಲ್ಪ ಕಡಿಮೆ. ಮೂರನೆಯದು ತೊರೆಯ ನೀರು, ತಿರುಗಿಸಿಬಿಟ್ಟರೆ ಸಾಕು. ನಾಲ್ಕನೆಯದು ಮಳೆ, ಅಲ್ಲಿ ನಮ್ಮದೇನೂ ಇಲ್ಲ, ಎಲ್ಲವೂ ದೇವರದೇ. ಬಾವಿಯಲ್ಲಿ ನೀರಿಲ್ಲದ ದಿನವೂ ಕೊಡಪಾನ ಇಳಿಸಿದವನ ಪ್ರಯತ್ನವನ್ನು ತೋಟದ ಯಜಮಾನ ಮರೆಯುವುದಿಲ್ಲ ಎಂಬುದು ಅವಳ ನಂಬಿಕೆ. ಅವಳು ಇದನ್ನು ಸುಮ್ಮನೆ ಹೇಳಿದವಳಲ್ಲ. ಎಷ್ಟೋ ವರ್ಷ ಪ್ರಾರ್ಥನೆಗೆ ಕುಳಿತಾಗ ಈ ಒಂದು ಗಂಟೆ ಯಾವಾಗ ಮುಗಿಯುತ್ತದೋ ಎಂದು ಕಾದಿದ್ದನ್ನು ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ.

ಹಾಗಾದರೆ ಇನ್ನೂ ಹೆಚ್ಚು ಪ್ರಾರ್ಥಿಸಬೇಕೇ? ಬಳಲಿದವರಿಗೆ ಈ ಸಲಹೆ ಕೊಡುವವರು ತುಂಬಾ ಜನ. ಒಂದು ನೊವೇನ (ಒಂಬತ್ತು ದಿನಗಳ ಪ್ರಾರ್ಥನೆ) ಸಾಲದಿದ್ದರೆ ಮೂರು ಮಾಡಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಿಮಗೆ ಮಾತು ಹೆಚ್ಚಾಗಬೇಕಾಗಿಲ್ಲ, ಕಡಿಮೆಯಾಗಬೇಕು. ಉಳಿದ ಮಾತು ನಿಮ್ಮದೇ ಆಗಿರಬೇಕು. ಸಿಟ್ಟಿದ್ದರೆ ಸಿಟ್ಟನ್ನೇ ಹೇಳಿ. ಬೈಬಲಿನ 150 ಕೀರ್ತನೆಗಳಲ್ಲಿ ಅಳಲಿನ ಕೀರ್ತನೆಗಳದೇ ದೊಡ್ಡ ಗುಂಪು. ಹದಿಮೂರನೆಯದು ಶುರುವಾಗುವುದೇ ‘ಎಷ್ಟು ಕಾಲ?’ ಎಂಬ ಕೂಗಿನಿಂದ. ಎಂಬತ್ತೆಂಟನೆಯದಂತೂ ಕೊನೆಯವರೆಗೂ ಸಮಾಧಾನಕ್ಕೆ ತಿರುಗುವುದಿಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದ ಕತ್ತಲೆ. ಅದನ್ನು ಯಾರೂ ಬೈಬಲಿನಿಂದ ತೆಗೆದುಹಾಕಲಿಲ್ಲ. ಬೈಬಲಿನಲ್ಲಿ ಮಕ್ಕಳಿಲ್ಲದ ಹನ್ನಳು ದೇವಾಲಯದಲ್ಲಿ ಅಳುತ್ತಾ ಪ್ರಾರ್ಥಿಸಿದಾಗ ತುಟಿ ಮಾತ್ರ ಅಲುಗಿತು, ದನಿ ಬರಲಿಲ್ಲ. ಯಾಜಕ ಏಲಿ ಅವಳು ಕುಡಿದಿದ್ದಾಳೆ ಎಂದುಕೊಂಡ. ನಿಮ್ಮ ‘ಬಾಯಿ ಮಾತ್ರ ಆಡುತ್ತದೆ’ ಎಂಬ ಮಾತು ಓದಿದಾಗ ನನಗೆ ಮೊದಲು ನೆನಪಾದದ್ದು ಅವಳೇ. ಬಂಧನಕ್ಕೆ ಮುನ್ನ ಗೆತ್ಸೆಮನೆ ತೋಟದಲ್ಲಿ ಯೇಸು ಮೂರನೇ ಸಲ ಪ್ರಾರ್ಥಿಸಿದಾಗ ಅದೇ ಮಾತುಗಳನ್ನೇ ಮತ್ತೆ ಹೇಳಿದನೆಂದು ಮತ್ತಾಯನು ಬರೆಯುತ್ತಾನೆ. ಹೊಸ ಮಾತು ಹುಡುಕುವ ಸ್ಥಿತಿಯಲ್ಲಿ ಅವನೂ ಇರಲಿಲ್ಲ.

ಮಾತೇ ಬಾರದ ದಿನಗಳೂ ಇರುತ್ತವೆ. ಬೇಳದ ಇಗರ್ಜಿಗೆ ನೀವು ಹೋಗಿರುತ್ತೀರಿ. 1890ರ ಆ ಹಳೆಯ ಇಗರ್ಜಿ ವ್ಯಾಕುಲ ಮಾತೆಗೆ, ಅಂದರೆ ದುಃಖದಲ್ಲಿರುವ ಮರಿಯಮ್ಮನವರಿಗೆ, ಅರ್ಪಿತವಾದದ್ದು. ಮಗನ ಶಿಲುಬೆಯ ಬಳಿ ಮರಿಯಮ್ಮನವರು ನಿಂತಿದ್ದರೆಂದು ಯೊವಾನ್ನನ ಶುಭಸಂದೇಶ ಹೇಳುತ್ತದೆ. ಏನು ಹೇಳಿದರೆಂದು ಒಂದು ಪದವನ್ನೂ ಬರೆದಿಲ್ಲ. ನಿಂತಿದ್ದರು, ಅಷ್ಟೆ. ಗಂಡನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ನಾಲ್ಕು ಗಂಟೆ ಕೂರುವ ನಿಮಗೆ ಆ ನಿಲುವಿನ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಪ್ರವಾದಿ ಎಲೀಯ ಸೋತು, ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಪೊದೆಯ ಕೆಳಗೆ ಮಲಗಿಬಿಟ್ಟಾಗ ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಎಂದ. ರೊಟ್ಟಿ, ನೀರು, ನಿದ್ದೆ. ಮತ್ತೆ ರೊಟ್ಟಿ, ನೀರು. ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ ಕಳೆದ ಮೇಲಿನ ಆ ಮೆಲುದನಿ ಅವನಿಗೆ ಕೇಳಿಸಿದ್ದು ಇದೆಲ್ಲ ಆದ ನಂತರ. ಕಾಯಿಲೆಯವರನ್ನು ನೋಡಿಕೊಳ್ಳುವವರು ತಾವೇ ಸವೆದುಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ನಿದ್ದೆ ಬರುತ್ತಿಲ್ಲವೇ, ಊಟ ಸೇರುತ್ತಿಲ್ಲವೇ, ಬದುಕೇ ಬೇಡವೆನಿಸುತ್ತದೆಯೇ? ಹಾಗಿದ್ದರೆ ತಡಮಾಡದೆ ವೈದ್ಯರಿಗೆ ಹೇಳಿ. ಅದು ವಿಶ್ವಾಸದ ಕೊರತೆಯಲ್ಲ. ವಾರದಲ್ಲಿ ಒಂದು ದಿನ ನಾದಿನಿಯೋ ನೆರೆಯವರೋ ನಿಮ್ಮ ಗಂಡನ ಜೊತೆ ಹೋಗಲಿ, ನೀವು ಮನೆಯಲ್ಲಿ ಮಲಗಿ.

ಮೌನ ಕಲಿಯಲು ಆಶ್ರಮ ಬೇಕಿಲ್ಲ. ಮಂಗಳೂರಿಗೆ ಹೋಗುವಾಗ ರೈಲಾಗಲಿ ಬಸ್ಸಾಗಲಿ, ಉಳ್ಳಾಲ ಕಳೆದ ಮೇಲೆ ನೇತ್ರಾವತಿ ಸೇತುವೆ ಸಿಗುತ್ತದೆ. ಅಲ್ಲಿಯವರೆಗೆ ಜಪಸರ ಹೇಳಿಕೊಳ್ಳಿ, ಬೇಡವೆನಿಸಿದರೆ ಬಿಡಿ. ಸೇತುವೆ ಶುರುವಾದಾಗ ಮಾತ್ರ ಬಾಯಿ ಮುಚ್ಚಿ, ಮೊಬೈಲ್ ಚೀಲದೊಳಗಿಟ್ಟು, ನೀರನ್ನು ನೋಡಿ. ಏನನ್ನೂ ಕೇಳಬೇಡಿ. ಮನಸ್ಸು ಆಸ್ಪತ್ರೆಯ ಬಿಲ್ಲಿನ ಕಡೆಗೆ ಓಡಿದರೆ ಬೈಯದೆ ಕರೆದುಕೊಂಡು ಬನ್ನಿ. ಪಕ್ಕದಲ್ಲಿ ಕುಳಿತ ಗಂಡನ ಕೈ ಹಿಡಿದುಕೊಳ್ಳಿ. ಆ ದಿನ ಮನಸ್ಸು ನಿಲ್ಲಲಿಲ್ಲವೆಂದರೆ ಚಿಂತೆಯಿಲ್ಲ. ಸಂಜೆ ಹಿಂತಿರುಗುವಾಗ ಅದೇ ಸೇತುವೆ ಮತ್ತೆ ಸಿಗುತ್ತದೆ.